ವಿಜೇತನ ತೂಕ

ಆ ಕಾಲಮ್ಮಿಗೆ ಒಂದು ಹೆಸರಿತ್ತು. "ಅನು" ಎಂದು ಶುರುವಾಗುತ್ತದೆ. ಅನುದಾನ ಅಲ್ಲ, ಅನುಮೋದನೆಯೂ ಅಲ್ಲ. ಅವೆರಡೂ ನಾನು ಸಹಾಯಕಿಯಾಗಿರುವ ನಮ್ಮ ಅಂಗನವಾಡಿಗೆ ಬಂದದ್ದೇ ಇಲ್ಲ. ನಾನು ಹುಟ್ಟಿದ್ದು ಹೊನ್ನಾವರದಲ್ಲಿ. ಮದುವೆಯಾಗಿ ಗಡಿ ದಾಟಿ ಶಿರಿಯಕ್ಕೆ ಬಂದು ನಲುವತ್ತೆರಡು ವರ್ಷವಾದರೂ ಮಲಯಾಳದಿಂದ ಇಳಿದು ಬರುವ ಇಲ್ಲಿಯ ಸರ್ಕಾರಿ ಕನ್ನಡ ನನ್ನ ನಾಲಿಗೆಗೆ ಪೂರ್ತಿ ಹತ್ತಿಲ್ಲ. ಆದರೆ ಶಾಲೆಗೆ ಕೊಡುವ ಪತ್ರದಲ್ಲಿ ಆ ಶಬ್ದವೇ ಇರಬೇಕಂತೆ. ಅದಕ್ಕಾಗಿ ಮೋಹಿನಿ ಬೆಳಿಗ್ಗೆಯಿಂದ ಮಗಳು ಅಮ್ಮುವನ್ನು ಕರೆದುಕೊಂಡು ನಮ್ಮ ಜಗಲಿಯಲ್ಲಿ ಕೂತಿದ್ದಾಳೆ. ಶಬ್ದ ಸಿಗದಿದ್ದರೆ ಅಮ್ಮುವಿಗೆ ಒಂದನೇ ಕ್ಲಾಸು ಇಲ್ಲ. ನಡೆದದ್ದನ್ನು ಮೊದಲಿಂದ ಹೇಳುತ್ತಾ ಬಂದರೆ ಅದೂ ನೆನಪಿಗೆ ಬರಬಹುದು.

2016ರ ಜೂನಿನಲ್ಲಿ ಕಡವಿನಬಳಿ ಅಂಗನವಾಡಿಗೆ ವಿಜೇತ್ ಎಂಬ ಮಗು ಸೇರಿತು. ವಿಜೇತ್ ಒಂದು ಟ್ಯಾಬ್.

ಅದರ ಜೊತೆ ಬಂದ ಸುತ್ತೋಲೆಯಲ್ಲಿ ಹೀಗಿತ್ತು: "ಎಳೆಯ ಮಕ್ಕಳಿಗೆ ಸ್ಪರ್ಶದಿಂದಲೇ ಜ್ಞಾನ ಉಂಟಾಗುವುದರಿಂದ ಪ್ರತಿ ಕೇಂದ್ರಕ್ಕೂ ಒಂದು ಟ್ಯಾಬ್ ನೀಡಲಾಗಿದೆ. ಮಕ್ಕಳು ಅದನ್ನು ಮುಟ್ಟತಕ್ಕದ್ದಲ್ಲ." ಮೊದಲು ಟ್ಯಾಬನ್ನು ಆ್ಯಪಿನಲ್ಲಿ ದಾಖಲಿಸಬೇಕು, ಆಮೇಲೆ ಮಕ್ಕಳನ್ನು. ಆ್ಯಪಿನಲ್ಲಿ ಇದ್ದದ್ದು ಒಂದೇ ಫಾರಂ, ಮಕ್ಕಳದ್ದು. ನಮ್ಮ ರಾಜೀವಿ ಟೀಚರ್ ಸೂಪರ್‌ವೈಸರ್ ಪುಷ್ಪಾವತಿ ಮೇಡಮ್ಮಿಗೆ ಫೋನ್ ಮಾಡಿದರು. ಫಾರಂ ಕೇಳಿದ್ದನ್ನು ಕೊಡಿ, ಕೇಳದ್ದನ್ನು ಕೊಡಬೇಡಿ ಎಂದು ಮೇಡಂ ಹೇಳಿದರು.

ಫಾರಂ ಮೊದಲು ಹೆಸರು ಕೇಳಿತು. ಟೀಚರಿಗೆ ಮೂವರೂ ಹೆಣ್ಣುಮಕ್ಕಳು. ಗಂಡು ಹುಟ್ಟಿದರೆ ಇಡಲೆಂದು ಇಟ್ಟುಕೊಂಡಿದ್ದ ಹೆಸರು ಖರ್ಚಾಗದೆ ಉಳಿದಿತ್ತು. ತಾಯಿಯ ಹೆಸರು ರಾಜೀವಿ. ವಯಸ್ಸು ಮೂರಕ್ಕಿಂತ ಕಮ್ಮಿ ಹಾಕಿದರೆ ಫಾರಂ ಒಪ್ಪಲಿಲ್ಲ, ಮೂರು ಹಾಕಿದರು. ಮಾತೃಭಾಷೆ, ಇತರ. ಗುರುತು, ಎಡಮೂಲೆಯಲ್ಲಿ ಗೀರು. ತೂಕ ಕೇಳಿದಾಗ ನಾನು ಹೆಸರುಕಾಳಿನ ತಕ್ಕಡಿ ತಂದೆ. ನಾನೂರೆಪ್ಪತ್ತು ಗ್ರಾಂ ಬಂತು.

ಆಮೇಲೆ ಉಳಿದ ಮಕ್ಕಳನ್ನು ಸೇರಿಸಿದೆವು. ನಮ್ಮ ಕೋಣೆಯ ಅಳತೆಗೆ ಹದಿನೈದು ಮಕ್ಕಳು ಎಂದು ಆ್ಯಪ್ ಮೊದಲೇ ತೀರ್ಮಾನಿಸಿತ್ತು. ಹದಿನೈದನೆಯವಳಾಗಿ ಬಂದ ಅಮ್ಮು ಹದಿನಾರನೆಯವಳಾದಳು. ಮೋಹಿನಿ ಮೊಗ್ರಾಲಿನಲ್ಲಿ ಮೀನು ಒಣಗಿಸುವ ಕೆಲಸಕ್ಕೆ ಹೋಗುವವಳು, ಏಳೂವರೆಯ ಬಸ್ಸು ತಪ್ಪಿದರೆ ಆ ದಿನದ ಕೆಲಸವೇ ಇಲ್ಲ. ಮಗುವನ್ನು ಅಂಗನವಾಡಿಯ ಮೆಟ್ಟಿಲ ಮೇಲೆ ಕೂರಿಸಿ, "ಸೆಲಿನ್ ಬಾಯಿ, ಒಳಗೆ ಬೇಡ, ಇಲ್ಲೇ ಇರಲಿ, ಒಂಚೂರು ನೋಡಿಕೊಳ್ಳಿ" ಎಂದು ಹೋಗುತ್ತಿದ್ದಳು. ಲೆಕ್ಕದಲ್ಲಿ ಇಲ್ಲದ ಮಗುವಿಗೆ ಗಂಜಿ ಬಡಿಸುವಂತಿಲ್ಲ. ನಾನು ನನ್ನ ಬುತ್ತಿಯಲ್ಲಿ ಅರ್ಧ ಕೊಡುತ್ತಿದ್ದೆ. ಅದು ಸುತ್ತೋಲೆಯಲ್ಲಿ ಇರಲಿಲ್ಲ, ಹಾಗಾಗಿ ಯಾರೂ ಕೇಳಲಿಲ್ಲ.

ಹದಿನೈದು ದಿನಕ್ಕೆ ವಿಜೇತನ ಹೆಸರು ಕೆಂಪಾಯಿತು. ಪೋಷಣೆಯ ತೀವ್ರ ಕೊರತೆ. ಮಗುವಿಗೆ ಎರಡು ಪಾಲು ಗಂಜಿ, ದಿನಾ ಒಂದು ಮೊಟ್ಟೆ ಕೊಟ್ಟು, ತಟ್ಟೆಯ ಎದುರು ಕೂರಿಸಿ ಫೋಟೋ ಕಳಿಸಬೇಕೆಂದು ಆದೇಶ ಬಂತು. ಫೋಟೋ ತೆಗೆಯುವುದೇ ವಿಜೇತ್ ಆದ್ದರಿಂದ ಅವನು ಫೋಟೋದಲ್ಲಿ ಬರುತ್ತಿರಲಿಲ್ಲ. ಟೀಚರ್ ಮನೆಯಿಂದ ಕನ್ನಡಿ ತಂದರು. ಅದನ್ನು ಅಲ್ಲಾಡದ ಹಾಗೆ ಹಿಡಿಯುವವರು ಬೇಕಿತ್ತು, ಅಮ್ಮು ಹಿಡಿದಳು. ವಿಜೇತ್ ತಿನ್ನದೆ ಬಿಟ್ಟದ್ದನ್ನು ನಿಯಮದಂತೆ ಮಣ್ಣಿನಲ್ಲಿ ಹೂಳಬೇಕು. ದಿನಾ ಒಂದು ಬೇಯಿಸಿದ ಮೊಟ್ಟೆಯನ್ನು ತೆಂಗಿನ ಬುಡದಲ್ಲಿ ಹೂಳುತ್ತಿದ್ದೆ. ಅಮ್ಮು ಕನ್ನಡಿ ಕೆಳಗಿಟ್ಟು ನೋಡುತ್ತಿದ್ದಳು. ಆ ವರ್ಷ ತೆಂಗು ಚೆನ್ನಾಗಿ ಫಲ ಕೊಟ್ಟಿತು.

ಆಗಸ್ಟಿನಲ್ಲಿ ಪುಷ್ಪಾವತಿ ಮೇಡಂ ವಿಜೇತನ ತಾಯಿಗೆ ಬುದ್ಧಿ ಹೇಳಲು ಖುದ್ದಾಗಿ ಬಂದರು. ಹೆತ್ತವರ ಅಸಡ್ಡೆಯೇ ಇದಕ್ಕೆಲ್ಲ ಕಾರಣ ಎಂದು ಅರ್ಧ ಗಂಟೆ ಹೇಳಿದರು. ರಾಜೀವಿ ಟೀಚರ್ ತಲೆ ತಗ್ಗಿಸಿ ಕೇಳಿ, ಕೊನೆಗೆ ಅವನ ಹೆಸರು ತೆಗೆದರೆ ಅಮ್ಮುವನ್ನು ಸೇರಿಸಬಹುದಲ್ಲಾ ಎಂದು ಕೇಳಿದರು.

ಮೇಡಮ್ಮಿಗೆ ಅಮ್ಮುವಿನ ಮೇಲೆ ಕನಿಕರ ಇಲ್ಲದ್ದಲ್ಲ. ಆದರೆ ಹೆಸರು ತೆಗೆಯಲು ಮೂರೇ ಕಾರಣ. ಆರು ವರ್ಷ ತುಂಬಬೇಕು, ಅದಕ್ಕೆ ಇನ್ನೂ ಕಾಲ ಉಂಟು. ಊರು ಬಿಟ್ಟು ಹೋಗಬೇಕು, ಆದರೆ ಟ್ಯಾಬ್ ಕಾಂಪೌಂಡು ದಾಟುವಂತಿಲ್ಲ. ಇಲ್ಲದಿದ್ದರೆ ತೀರಿಹೋಗಬೇಕು.

"ಕೆಂಪಿನಲ್ಲಿ ಇದ್ದ ಮಗು ತೀರಿಹೋಯಿತು ಎಂದರೆ ತಿರುವನಂತಪುರದಿಂದ ಜನ ಬರ್ತಾರೆ, ರಾಜೀವಿ" ಎಂದರು ಮೇಡಂ. "ಹೆತ್ತವಳನ್ನೇ ಮೊದಲು ಹಿಡಿಯುವುದು."

ನಾನು ಚಹಾ ಇಡುತ್ತಾ ಕೇಳಿದೆ, "ಮೇಡಂ, ಈ ಚಾರ್ಜರ್ ಯಾವ ಲೆಕ್ಕದಲ್ಲಿ ಉಂಟು?"

ಟ್ಯಾಬ್ ಸ್ವೀಕರಿಸಿದ ಕಾಗದವನ್ನು ಮೇಡಂ ಬಿಡಿಸಿದರು. ನಾನು ಮೊದಲು ಹೇಳಿದ ಕಾಲಮ್ಮು ಇದ್ದದ್ದು ಅದರಲ್ಲಿ. ಒಂದು, ಚಾರ್ಜರ್. ಎರಡು, ಕವರ್. ಮೂರನೇ ಸಾಲು ಖಾಲಿ.

"ಕನ್ನಡಿ ಹಿಡಿಯುವುದು ಇವಳೇ ಅಲ್ವಾ? ಇವಳಿಲ್ಲದಿದ್ದರೆ ಅವನ ಹಾಜರಿಯೇ ಬೀಳುವುದಿಲ್ಲ" ಎಂದೆ.

ಮೇಡಂ ಪೆನ್ನಿನ ಮುಚ್ಚಳ ತೆಗೆದರು. "ಗಂಜಿಯ ಲೆಕ್ಕ ಎಂತ ಬರೆಯುವುದು?"

"ಚಾರ್ಜರಿಗೆ ಕರೆಂಟು ಕೊಡುವುದಿಲ್ವಾ?"

ಮೇಡಂ ಮೂರನೇ ಸಾಲಿನಲ್ಲಿ ಅಮ್ಮು ಎಂದು ಬರೆದು, ಸ್ಥಿತಿ ಎಂಬಲ್ಲಿ "ಉತ್ತಮ" ಎಂದು ತುಂಬಿಸಿ ಸಹಿ ಹಾಕಿದರು. ಅಂದು ಮಧ್ಯಾಹ್ನ ಅಮ್ಮು ಎರಡು ಪಾಲು ಗಂಜಿ, ಒಂದು ಮೊಟ್ಟೆ ತಿಂದಳು.

ಆ ತಿಂಗಳಿಂದ ವಿಜೇತನನ್ನು ಕಾಗದದಲ್ಲಿ ಇದ್ದ ಸಾಮಾನುಗಳ ಸಮೇತ ತೂಗಿದೆವು. ಹನ್ನೆರಡು ಕಿಲೋ ನೂರು ಗ್ರಾಂ. ಹೆಸರು ಹಸಿರಾಯಿತು. ಇಷ್ಟು ಬೇಗ ಚೇತರಿಸಿಕೊಂಡ ಮಗು ಬೇರೆ ಎಲ್ಲಿಯೂ ಇರಲಿಲ್ಲ. ರಾಜೀವಿ ಟೀಚರಿಗೆ ಆದರ್ಶ ತಾಯಿ ಪ್ರಶಸ್ತಿ ಬಂತು, ಅವರ ಕ್ರಮವನ್ನು ಎಲ್ಲರೂ ಅನುಸರಿಸಬೇಕೆಂದು ಸುತ್ತೋಲೆಯೂ ಬಂತು. ಬಾಯಾರಿನ ಕಡೆಯ ಒಂದು ಕೇಂದ್ರದಲ್ಲಿ ಟ್ಯಾಬಿಗೆ ನಾಲ್ಕು ಮಕ್ಕಳನ್ನು ಜೋಡಿಸಿ ಅತಿತೂಕ ಎಂದು ಎಚ್ಚರಿಕೆ ಪಡೆದರಂತೆ. ತಪಾಸಣೆಗೆ ಬಂದವರು ಕಾಗದ ಹಿಡಿದು ಕಾಲಮ್ಮಿನ ಹೆಸರು, ನಂಬರು ಸಮೇತ ಒಂದೊಂದನ್ನೇ ಕೂಗುತ್ತಿದ್ದರು. ಚಾರ್ಜರನ್ನು ನಾನು ಎತ್ತಿ ತೋರಿಸುತ್ತಿದ್ದೆ, ಕವರನ್ನು ಟೀಚರ್ ತೋರಿಸುತ್ತಿದ್ದರು, ಅಮ್ಮು ತಾನೇ ಕೈ ಎತ್ತುತ್ತಿದ್ದಳು.

ಹೀಗೆ ಮೂರು ವರ್ಷ ಕಳೆಯಿತು. ಈ ಜೂನಿಗೆ ವಿಜೇತನಿಗೆ ಆರು ತುಂಬಿ, ಶಾಲೆಗೆ ಹೋಗಲು ಆ್ಯಪೇ ಸರ್ಟಿಫಿಕೇಟ್ ಕೊಟ್ಟಿತು. ಹೆಡ್ಮಾಷ್ಟ್ರು ಶ್ಯಾಮ ಸರ್ ಅವನನ್ನು ದಾಖಲು ಮಾಡಿ, ಚಾರ್ಜರನ್ನೂ ಕವರನ್ನೂ ಪಡೆದುಕೊಂಡರು. ಇವಳು ಯಾರು ಎಂದು ಕೇಳಿದರು. ಮೋಹಿನಿ, "ನನ್ನ ಮಗಳು" ಎಂದಳು. ಹಾಗೆ ಹೇಳಬಾರದಿತ್ತು. ಮೂರು ವರ್ಷ ಆ್ಯಪಿನಲ್ಲಿ ಇಲ್ಲದ ಮಗುವನ್ನು ಮಗು ಎಂದು ಸೇರಿಸಲು ಬರುವುದಿಲ್ಲ. ಅವಳು ವಿಜೇತನ ಜೊತೆಯದ್ದೇ ಎಂದು ಅಂಗನವಾಡಿಯಿಂದ ಸರಿಯಾದ ಶಬ್ದದಲ್ಲಿ ಪತ್ರ ತಂದರೆ ಪಡೆದುಕೊಳ್ಳುತ್ತೇನೆ, ಕಪಾಟಿನಲ್ಲಿ ಇಡಬೇಕೋ ಬೆಂಚಿನಲ್ಲಿ ಕೂರಿಸಬೇಕೋ ಅದನ್ನೂ ಬರೆಸಿ ತನ್ನಿ ಎಂದರು. ಪ್ರಾಮಾಣಿಕ ಮನುಷ್ಯ.

ರಾಜೀವಿ ಟೀಚರ್ ತಾಯಂದಿರಿಗೆ ತರಬೇತಿ ಕೊಡುತ್ತಾ ಊರೂರು ಸುತ್ತುತ್ತಿದ್ದಾರೆ, ಫೋನಿಗೆ ಸಿಗುವುದಿಲ್ಲ. ಮೋಹಿನಿ ಇನ್ನೊಮ್ಮೆ ಕೇಳಿದಳು, "ನೆನಪಾಯ್ತಾ ಬಾಯಿ? ಅನು... ಎಂತ ಅದು?"

ಜಗಲಿಯ ಮೂಲೆಯಲ್ಲಿ ಕಲ್ಲು ಜೋಡಿಸಿ ಆಡುತ್ತಿದ್ದ ಅಮ್ಮು ತಲೆ ಎತ್ತಲಿಲ್ಲ. ಒಂದು ಕೈ ಮಾತ್ರ ಮೇಲೆತ್ತಿದಳು.

"ಅನುಬಂಧ ಉಪಕರಣ ಮೂರು. ಹಾಜರ್."

ಅದೇ. ಮೋಹಿನಿ ಎದೆಗೆ ಕೈ ಇಟ್ಟು, ಬದುಕಿದೆ ಮಾರಾಯ್ತಿ ಎಂದು ಮಗಳ ತಲೆ ಸವರಿದಳು. ನಾನು ಮೊಮ್ಮಗಳನ್ನು ಕರೆದೆ. ವೆನಿಸ್ಸಾ, ಪೆನ್ನು ತಾ ಮಗಾ. ಈಗ ಅಮ್ಮು ಹೇಳಿದ್ದನ್ನು ಹೇಳಿದ ಹಾಗೇ ಬರಿ. ಅದರ ಕೆಳಗೆ, ಬೆಂಚಿನಲ್ಲಿ ಇಡತಕ್ಕದ್ದು, ಅಂತ ಬರಿ.