ಕರಿಬೇವಿನ ಕುಂಡದ ಕೇಸು

ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಸುಮ್ಮನಿರುವ ವಿದ್ಯೆ ನನಗೆ ಈ ಜನ್ಮದಲ್ಲಿ ಒಲಿಯಲಿಲ್ಲ. ಗಂಟೆ ಎಷ್ಟೆಂದು ಕೇಳಿದವರಿಗೆ ವಾಚು ಕೊಂಡ ಅಂಗಡಿಯ ದಾರಿಯನ್ನೂ ಹೇಳಿ ಕಳಿಸುವವನು ನಾನು. ಇಷ್ಟು ವರ್ಷ ಅದರಿಂದ ಹಾಳಾದದ್ದು ಕೇಳುವವರ ಸಮಯ ಮಾತ್ರ. ಈ ಸಲ ತಂಗಿಯ ಮಗಳ ಮದುವೆಯೇ ನನ್ನ ಕೈತಪ್ಪಿತು.

ಗಲ್ಫಿನಲ್ಲಿ ನಾವಿರುವ ಉಮ್ ಅಲ್ ಹಸ್ಸಮ್‌ನ ಮನೆಯ ಬಾಲ್ಕನಿಯಿಂದ ಕರಿಬೇವಿನ ಕುಂಡ ಉರುಳಿ ಕೆಳಗೆ ನಿಂತಿದ್ದ ಕಾರಿನ ಗಾಜು ಒಡೆಯಿತು. ಒಳಗೆ ಯಾರೂ ಇರಲಿಲ್ಲ, ಪುಣ್ಯ. ಆದರೂ ಕೇಸಾಯಿತು, ಅದು ಮುಗಿಯುವ ತನಕ ದೇಶ ಬಿಡುವಂತಿಲ್ಲ. ವಿಚಾರಣೆಯಾಗಿ ಹತ್ತು ದಿನಕ್ಕೆ ಊರಲ್ಲಿ ಮದುವೆ. ನಮ್ಮಲ್ಲಿ ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ, ಅಂದರೆ ನಾನು. ಹಾಗಾಗಿ ಸರಕಾರಿ ವಕೀಲ ಹೇಗೆಲ್ಲ ಸಿಕ್ಕಿಸಬಹುದೆಂದು ಯೋಚಿಸಿ ಎರಡು ವಾರ ತಯಾರಿ ನಡೆಸಿದೆ. ಹೆಂಡತಿ ಸುಮತಿ ದೋಸೆ ಸಟ್ಟುಗ ಹಿಡಿದು ವಕೀಲಳಾದಳು. “ಕುಂಡವನ್ನು ತಂತಿಯಲ್ಲಿ ಕಟ್ಟಿದ್ರಾ, ಇಲ್ವಾ?” ಎಂದು ಗದರುವಳು. “ತಂತಿಯನ್ನು ನಾನೇ ಬಿಚ್ಚಿದ್ದು ನಿಜ, ಆದರೆ ಬಾಲ್ಕನಿ ತೊಳೆಯುವುದಕ್ಕಾಗಿ” ಎಂದು ನಾನು ಎದೆಯುಬ್ಬಿಸಿ ಹೇಳುವೆ.

ಕೋರ್ಟಿಗೆ ಹೋಗಿ ನೋಡಿದರೆ ಸರಕಾರಿ ವಕೀಲನೇ ಇಲ್ಲ! ಇಂಥ ಸಣ್ಣ ಕೇಸಿಗೆ ಅವರು ಬರುವುದಿಲ್ಲ, ಪೊಲೀಸರ ಕಾಗದ ಓದಿ ನ್ಯಾಯಾಧೀಶರೇ ಕೇಳುತ್ತಾರೆ ಎಂದು ಹಿಂದಿ ಬಲ್ಲ ದುಭಾಷಿ ಪಿಸುಗುಟ್ಟಿದ. ಕುಂಡ ಗಾಳಿಗೆ ಬಿತ್ತೆಂದು ಕಾಗದದಲ್ಲಿತ್ತು. ಕಾರಿನವನೂ ರಾಜಿಯಾಗಿದ್ದ. “ಕುಂಡ ನಿಮ್ಮದೇ?” ಎಂದರು ನ್ಯಾಯಾಧೀಶರು. ಹೌದೆಂದೆ. ಕೇಸು ಮುಗಿಸಲು ಅವರು ಪೆನ್ನು ತೆಗೆದರು. ಅಷ್ಟಕ್ಕೇ ಮುಗಿಯಿತೇ? ಎರಡು ವಾರದ ಶ್ರಮ ನೀರುಪಾಲಾಗುವುದನ್ನು ನೋಡಲಾರದೆ, ಯಾರೂ ಕೇಳದ ಪ್ರಶ್ನೆಗೆ ಉತ್ತರ ಶುರುಮಾಡಿದೆ. “ತಂತಿಯನ್ನು ನಾನೇ ಬಿಚ್ಚಿದ್ದು ನಿಜ...” ದುಭಾಷಿ ಅಷ್ಟನ್ನು ಅರಬಿಗೆ ತಿರುಗಿಸಿದ್ದೇ ತಡ, ನ್ಯಾಯಾಧೀಶರು ಕೈಯೆತ್ತಿದರು. ಹೊಸ ವಿಷಯ ಬಂದಿದೆ, ಪೊಲೀಸರು ಮತ್ತೆ ವಿಚಾರಿಸಲಿ, ಮುಂದಿನ ತಿಂಗಳು ಬನ್ನಿ ಎಂದರು. ನನ್ನ ‘ಆದರೆ’ ಬಾಯಲ್ಲೇ ಉಳಿಯಿತು.

“ಎಂತ ಮಾರಾಯ್ರೆ, ಹೌದು ಹೇಳಿ ಬಾಯಿ ಮುಚ್ಚಿ ನಿಲ್ಲಿಕ್ಕೆ ಆಗ್ಲಿಲ್ವಾ?” ಎಂದು ಸುಮತಿ ಅತ್ತೇಬಿಟ್ಟಳು. ನನಗೂ ಅಳು ಬಂತು. ನಾನು ಎತ್ತಿ ಆಡಿಸಿದ ಹುಡುಗಿ ಅದು. ನನ್ನ ದೊಡ್ಡಪ್ಪನ ಮಗ ಅವಳ ಕೈಹಿಡಿದು ಮಂಟಪಕ್ಕೆ ನಡೆಸಿದ್ದನ್ನು ಮೊಬೈಲಿನಲ್ಲಿ ನೋಡಿದೆ. ಅವಳು ಒಮ್ಮೆ ಕ್ಯಾಮೆರಾದ ಕಡೆ ತಿರುಗಿದಳು, ನಾನು ಮುಖ ತಿರುಗಿಸಿಕೊಂಡೆ.

ಮರುದಿನ ತಂಗಿ ಫೋನು ಮಾಡಿದಳು. “ಅಣ್ಣಾ, ಅಷ್ಟು ಸಣ್ಣ ಕೇಸಿಗೆ ನಿನ್ನ ವಿರುದ್ಧ ವಾದ ಮಾಡಿದ್ದು ಯಾರು?”

“ಒಬ್ಬ ಇದ್ದ ಮಾರಾಯ್ತಿ,” ಎಂದೆ. “ಎರಡು ವಾರ ತಯಾರಿ ಮಾಡಿಯೇ ಬಂದಿದ್ದ.”