ಟೈಪ್-ಟು ಮನೆಗೆ ಹತ್ತು ನಿಮಿಷ

ಕಿದ್ವಾಯಿ ನಗರ, ನವದೆಹಲಿ
೧೦ ಆಗಸ್ಟ್ ೨೦೦೪, ಮಂಗಳವಾರ

ನಮ್ಮ ಕಾಲೊನಿಯ ಇಂಟರ್ನೆಟ್ ಯೋಜನಾ ಸಮಿತಿಯ ಸಂಚಾಲಕರಾದ ಮಾನ್ಯ ಚಂದ್ರಕಾಂತ ಅವರೇ,

ಸಮುದಾಯ ಭವನದ ಏಕೈಕ ಕಂಪ್ಯೂಟರಿಗೆ ಕುಂಕುಮವಿಟ್ಟು, ಚಪ್ಪಲಿ ಹೊರಗೆ ಬಿಡಿಸಿ, ಅದರ ಕಾವಲಿಗೆ ನಿಂತಿರುವ ತಮಗೆ ಕಾವೇರಮ್ಮಳ ಸವಿನಯ ನಮಸ್ಕಾರಗಳು. ಈ ಪತ್ರವನ್ನು ನೋಟಿಸ್ ಬೋರ್ಡಿಗೆ ಅಂಟಿಸಲಿದ್ದೇನೆ. ಇಲ್ಲಿ ಕನ್ನಡ ಓದಬಲ್ಲವರು ನಿಮ್ಮ ಮನೆಯವರು, ನಮ್ಮ ಮನೆಯವರು ಮಾತ್ರ ಆದ್ದರಿಂದ ತಮ್ಮ ಗೌರವಕ್ಕೆ ಧಕ್ಕೆಯೇನೂ ಇಲ್ಲ.

ನಿವಾಸಿಗಳೂ ಸಿಬ್ಬಂದಿಯೂ ಗೊಂದಲವಿಲ್ಲದೆ ಇಂಟರ್ನೆಟ್ ಬಳಸಲೆಂದು ತಾವು ಮೂರು ಸಭೆ ನಡೆಸಿ, ಹನ್ನೊಂದು ಪುಟಗಳ ಯೋಜನೆ ರೂಪಿಸಿದಿರಿ. ಯಾರಿಗೆ ಎಷ್ಟು ಹೊತ್ತು ಬೇಕೆಂದು ಕೇಳುವ ಗೋಜಿಗೆ ಹೋಗದೆ, ಯಾರ ಸರ್ಕಾರಿ ಮನೆ ಯಾವ ಟೈಪಿನದು ಎಂದಷ್ಟೇ ನೋಡಿದಿರಿ. ಗುಮಾಸ್ತರ ಟೈಪ್-ಟು ಮನೆಗೆ ವಾರಕ್ಕೆ ಹತ್ತು ನಿಮಿಷ, ಅಧಿಕಾರಿಗಳ ಟೈಪ್-ಫೋರಿಗೆ ಮುಕ್ಕಾಲು ಗಂಟೆ, ಸಂಚಾಲಕರಿಗೆ ದಿನವೂ ಒಂದು ಗಂಟೆ, ಮಾಲಿ ಚೌಕೀದಾರರಿಗೆ ಗಣರಾಜ್ಯೋತ್ಸವದಂದು ದರ್ಶನ ಮಾತ್ರ. ಮನೆಯಲ್ಲಿ ಕೋಣೆ ಹೆಚ್ಚಿದಷ್ಟೂ ಕಾಗದ ಹೆಚ್ಚು ಬರುತ್ತದೆಂಬುದು ನಮ್ಮಂಥವರಿಗೆ ಹೊಳೆದೇ ಇರಲಿಲ್ಲ.

ತಮಗೆ ತಿಳಿದಂತೆ ನಮ್ಮ ತನ್ಮಯ್ ಸೇನೆಯಲ್ಲಿದ್ದು, ಶಾಂತಿಪಾಲನೆಗೆಂದು ಆಫ್ರಿಕಾಕ್ಕೆ ಹೋಗಿದ್ದಾನೆ. ಜೀಪು ಮಗುಚಿ ಮುಖ ಸ್ವಲ್ಪ ತರಚಿದೆ, ಹೆದರಬೇಡಿ ಎಂದು ಬರೆದು, ನಂಬಿಕೆಗೆಂದು ಒಂದು ಫೋಟೋ ಕಳಿಸಿದ. ಹತ್ತು ನಿಮಿಷದಲ್ಲಿ ಆರು ನಿಮಿಷ ಲೈನ್ ಸಿಗುವುದಕ್ಕೇ ಹೋಗುತ್ತದೆ. ಆಮೇಲೆ ಫೋಟೋ ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಇಳಿಯುತ್ತದೆ. ಮೊದಲ ಬುಧವಾರ ಆಕಾಶ ಬಂತು. ಎರಡನೆಯ ಬುಧವಾರ ಟೋಪಿ ಬಂತು. ಮೂರನೆಯ ಬುಧವಾರ ಹುಬ್ಬು ಕಾಣುವಷ್ಟರಲ್ಲಿ, ಯಂತ್ರ ನೋಡಿಕೊಳ್ಳುವ ಏಕನಾಥರು ಅಲಾರಾಂ ಗಡಿಯಾರ ಹಿಡಿದು "ಚಲೋ ಭಾಭೀಜಿ" ಎಂದು ಎಬ್ಬಿಸಿದರು. ಅವರ ತಪ್ಪಿಲ್ಲ, ಅವರ ಕೆಲಸ ಅದು.

ಕರೋಲ್ ಬಾಗ್‌ನ ಸೈಬರ್ ಕೆಫೆಗೆ ಹೋಗಬಾರದೇ ಎಂದು ತಾವು ಕೇಳಬಹುದು. ಮಗನ ಗಾಯ ನೋಡಿ ಅಳು ಬಂದರೆ ಗುರುತಿಲ್ಲದವರ ನಡುವೆ ಅಳಲು ನನಗೆ ಧೈರ್ಯವಿಲ್ಲ. ನನಗೆ ಭಯವಾಗಿದೆ, ಅಷ್ಟೇ.

ಆದ್ದರಿಂದ ಎರಡು ಚಿಕ್ಕ ಕೋರಿಕೆಗಳು. ಇನ್ನು ಮುಂದೆ ಸೈನಿಕರು ಮುಖವನ್ನು ಟೋಪಿಯ ಮೇಲೆ ಇಟ್ಟುಕೊಂಡೇ ಫೋಟೋ ತೆಗೆಸಿಕೊಳ್ಳಬೇಕೆಂದೂ, ಆಕಾಶವನ್ನು ಪ್ರತ್ಯೇಕ ಅಂಚೆಯಲ್ಲಿ ಕಳಿಸಬೇಕೆಂದೂ ತಾವು ಸುತ್ತೋಲೆ ಹೊರಡಿಸಬೇಕು. ಅದಾಗದಿದ್ದರೆ ನನ್ನ ಯಜಮಾನರಿಗೆ ಪ್ರತಿ ಬುಧವಾರ ಮುಕ್ಕಾಲು ಗಂಟೆಯ ಮಟ್ಟಿಗೆ ಬಡ್ತಿ ಕೊಡಿಸಬೇಕು. ಸಂಜೆ ಅವರು ಮತ್ತೆ ಗುಮಾಸ್ತರಾಗಲು ಸಿದ್ಧರಿದ್ದಾರೆ.

ವಾರಕ್ಕೆ ಹತ್ತು ನಿಮಿಷದ ಮಟ್ಟಿಗೆ
ತಮ್ಮ ವಿಶ್ವಾಸಿ,
ಕಾವೇರಮ್ಮ ಬಿದ್ದಪ್ಪ

ಮರೆತ ಮಾತು: ಅಂಟಿಸುವ ಮುನ್ನ, ಗುರುವಾರ, ಒಂದು ತಪ್ಪೊಪ್ಪಿಗೆ. ನಿನ್ನೆ ತಾವು ಗ್ರೇಟರ್ ನೋಯ್ಡಾಕ್ಕೆ ಹೋಗಿದ್ದಾಗ ತಮ್ಮ ಮನೆಯವರಾದ ಲೀಲಾ ಸಂಚಾಲಕರ ಒಂದು ಗಂಟೆಯನ್ನು ನನಗೆ ಬಿಟ್ಟುಕೊಟ್ಟು, ಪಕ್ಕದಲ್ಲೇ ಕುಳಿತರು. ಮಗನ ಮುಖ ಗದ್ದದವರೆಗೂ ಬಂತು. ಕೆನ್ನೆಯ ಮೇಲೆ ಏಳು ಹೊಲಿಗೆ ಇವೆ, ಆದರೂ ನಗುತ್ತಿದ್ದಾನೆ. ನಾವಿಬ್ಬರೂ ಅತ್ತೆವು. ಆಮೇಲೂ ಅರ್ಧ ಗಂಟೆ ಉಳಿದಿತ್ತು. ತಾವು ದಿನವೂ ಆ ಗಂಟೆಯಲ್ಲಿ ಕಂಪ್ಯೂಟರಿನ ಮೇಲೆ ಆಡುವ ಇಸ್ಪೀಟಿಗೆ ಇಂಟರ್ನೆಟ್ಟೇ ಬೇಕಾಗಿಲ್ಲವೆಂದು ಲೀಲಾ ಆಗಲೇ ನನಗೆ ತಿಳಿಸಿದ್ದು.