ತಗಡಿನ ಮೇಲೆ ಮಾವ

ಗ್ರಂಥಪಾಲಕನ ಹಜಾರದ ಗೋಡೆಯಲ್ಲಿ ಮೂರು ಮೊಳೆಗಳಿದ್ದವು. ಬೆಳಿಗ್ಗೆ ಬಂದ ಪೊಟ್ಟಣದಲ್ಲಿ ಚಿತ್ರಗಳೂ ಮೂರೇ ಇದ್ದವು. ಆದರೆ ಮೂರನೆಯದರಲ್ಲಿ ಇರಬೇಕಾದ ಮಾವ ಇರಲಿಲ್ಲ.

ಇತಿಹಾಸದ ಕಪ್ಪು ಬಿಳುಪು ಫೋಟೊಗಳನ್ನು ಅಲ್ಯೂಮಿನಿಯಂ ತಗಡಿನ ಮೇಲೆ ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕುವುದು ಆಗ ಆ ಬೀದಿಯ ಹೊಸ ಹುಚ್ಚು. ಹೆಂಡತಿ ಅರ್ಧ ಕಟ್ಟಿದ ಸೇತುವೆ ಒಂದನ್ನೂ ಬಟ್ಟೆ ರೆಕ್ಕೆಯ ವಿಮಾನ ಒಂದನ್ನೂ ಆರಿಸಿದ್ದಳು. ಮೂರನೆಯದನ್ನು ಸೂಚಿಸಿದವರು ಅವಳ ಅಪ್ಪ.

"ಇತಿಹಾಸ ಅಂತ ಎಲ್ಲೆಲ್ಲೋ ಯಾಕೆ ಹುಡುಕ್ತೀರಿ ಅಳಿಯಂದ್ರೇ? ನಾನಿಲ್ವೇ?"

ಮಾವ ಒಂದು ಕಾಲದಲ್ಲಿ ಟೆಲಿಗ್ರಾಂ ಹಂಚುವ ಪೇದೆ. ಇಪ್ಪತ್ತೈದರ ಹರೆಯದಲ್ಲಿ, ಎದೆಮಟ್ಟದ ನೆರೆ ನೀರಿನಲ್ಲಿ ಸೈಕಲ್ಲನ್ನು ತಲೆಯ ಮೇಲೆ ಹೊತ್ತು, ಟೆಲಿಗ್ರಾಂ ಅನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೋಗುವಾಗ ಯಾರೋ ತೆಗೆದ ಫೋಟೊ ಅವರ ಬಳಿ ಇತ್ತು. ನಾಲ್ಕು ದಿನಕ್ಕೆಂದು ಬಂದವರು ನಾಲ್ಕು ತಿಂಗಳಿಂದ ಹಜಾರದ ಸೋಫಾದಲ್ಲಿ ಬೀಡುಬಿಟ್ಟಿದ್ದರು. ಬೆಳಗಿನ ಐದಕ್ಕೆ ರೇಡಿಯೋ, ಊಟಕ್ಕೆ ಮೊದಲು ಒಮ್ಮೆ ನೆರೆಯ ಕತೆ, ಊಟವಾದ ಮೇಲೆ ಅದೇ ಕತೆ ಇನ್ನೊಮ್ಮೆ. ಕಡೆಗೊಂದು ದಿನ ಅವರೇ ಬಾಯಿಬಿಟ್ಟು ಹೇಳಿದರು: "ನನ್ನ ಫೋಟೊ ಈ ಗೋಡೆ ಹತ್ತಿದ ದಿನ ನಾನು ದೊಡ್ಡ ಮಗನ ಮನೆಗೆ ಹೊರಟೆ. ಅದಿದ್ರೆ ನಾನಿದ್ದ ಹಾಗೇ!"

ಗ್ರಂಥಪಾಲಕ ಅಂದೇ ಓಡಿಹೋಗಿ ಫೋಟೊ ಅಚ್ಚಿಗೆ ಕೊಟ್ಟು ಬಂದ. ಇವತ್ತು ಸಂಜೆ ಏಳರ ಬಸ್ಸಿಗೆ ಟಿಕೆಟ್ಟೂ ಆಗಿತ್ತು. ಈಗ ನೋಡಿದರೆ ತಗಡಿನ ಮೇಲೆ ಪಟ್ಟೆ ಚಡ್ಡಿಯ ಸರ್ಕಸ್ ಪೈಲ್ವಾನನೊಬ್ಬ ಕುದುರೆಮರಿಯನ್ನು ತಲೆಯ ಮೇಲೆತ್ತಿ ನಿಂತಿದ್ದಾನೆ.

ಬಾಗಿಲಲ್ಲಿ ಪಕ್ಕದ ಮನೆಯ ಸಲಹೆ ಸಾಹೇಬರ ತಲೆ ಕಾಣಿಸಿತು. ಯಾರ ಮನೆಯಲ್ಲಿ ಪೊಟ್ಟಣ ಬಿಚ್ಚಿದರೂ ಸಲಹೆ ಕೊಡಲು ಅವರು ಅಲ್ಲಿ ಹಾಜರು.

"ನಿಮ್ಮ ಮಾವನೋರಾ? ವಯಸ್ಸಲ್ಲಿ ಒಳ್ಳೇ ಮೈಕಟ್ಟು ಕಣ್ರೀ! ಅಲ್ಲಾ, ಕುದುರೆ ಯಾಕೆ?"

"ಮೆಲ್ಲಗೆ ಮಾತಾಡಿ ಸಾರ್, ಬಚ್ಚಲಲ್ಲಿದಾರೆ. ಫೋಟೊ ಅದಲುಬದಲಾಗಿದೆ. ಇದನ್ನ ಅವರು ನೋಡಿದ್ರೆ ಇವತ್ತು ಹೊರಡೋದಿಲ್ಲ."

"ಅಷ್ಟೇ ತಾನೆ? ನಿಮ್ಮ ಮಾವನ್ನ ನನಗೆ ಬಿಡಿ. ಪಾರ್ಕು, ಪೇಟೆ ಅಂತ ಸಂಜೆವರೆಗೂ ಸುತ್ತಾಡಿಸ್ತೀನಿ. ನೀವು ಹೋಗಿ ಸರಿಯಾದ್ದು ತನ್ನಿ."

ಗ್ರಂಥಪಾಲಕನ ಕಣ್ಣು ತುಂಬಿ ಬಂತು. ಪೈಲ್ವಾನನನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸು ಹತ್ತಿದ. ತಗಡಿನ ಮೂಲೆ ಪಕ್ಕದ ಹೆಂಗಸಿಗೆ ತಿವಿಯಿತು.

"ಏನ್ರೀ, ನಿಮ್ಮ ಕುದುರೆ ನನ್ನ ಪಕ್ಕೆ ಮುರೀತಾ ಇದೆ!"

ಇಡೀ ಬಸ್ಸು ತಿರುಗಿ ನೋಡಿತು. ಉಳಿದ ದಾರಿಯನ್ನು ಅವನು ನಡೆದೇ ಹೋದ.

ಅಚ್ಚಿನ ಅಂಗಡಿಯವನು ನಾಲಿಗೆ ಕಚ್ಚಿಕೊಂಡ. "ಎರಡ್ರಲ್ಲೂ ಮೀಸೆಯವನೊಬ್ಬ ತಲೆ ಮೇಲೆ ಏನೋ ಹೊತ್ಕೊಂಡಿದಾನೆ ಸಾರ್, ಅವಸರದಲ್ಲಿ ಚೀಟಿ ಬದಲಾಗೋಯ್ತು. ನಿಮ್ಮದು ಪೇಟೆ ಬೀದಿಯ ಹೊಸ ಕಾಫಿ ಅಂಗಡಿಗೆ ಹೋಗಿದೆ."

ಕಾಫಿ ಅಂಗಡಿ ಗಿಜಿಗುಡುತ್ತಿತ್ತು. ಗೋಡೆಯ ತುಂಬ ಇತಿಹಾಸ. ಒಂದು ಕಡೆ ಉಗಿಬಂಡಿ, ಇನ್ನೊಂದು ಕಡೆ ಯಾವುದೋ ಅರಮನೆ, ನಟ್ಟನಡುವೆ ಸೈಕಲ್ ಹೊತ್ತ ಮಾವ! ಕಾಲೇಜಿನ ಹುಡುಗಿಯರಿಬ್ಬರು ಅವರ ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ಗ್ರಂಥಪಾಲಕ ಗಲ್ಲಾದ ಬಳಿ ಹೋಗಿ ವಿಷಯ ಹೇಳಿದ. ಇಪ್ಪತ್ತೆರಡು ವರ್ಷ ಜನರನ್ನು "ಶ್" ಎಂದು ಸುಮ್ಮನಾಗಿಸಿದ ಗಂಟಲು ಅವನದು. ಮಾತು ತುಟಿ ದಾಟುವುದೇ ಕಷ್ಟ. ಮಾಲೀಕ ತಲೆಯಾಡಿಸಿ ಒಂದು ಕಾಫಿ ಕೊಟ್ಟ. ಎರಡನೇ ಸಲ ಹೇಳಿದ್ದಕ್ಕೆ ಎರಡನೇ ಕಾಫಿ ಬಂತು. ಮೂರನೆಯದನ್ನು ಕುಡಿಯುವ ಹೊತ್ತಿಗೆ ಗಡಿಯಾರದಲ್ಲಿ ನಾಲ್ಕಾಗಿತ್ತು. ಅವನು ಪೈಲ್ವಾನನನ್ನೇ ಗಲ್ಲಾದ ಮೇಲೆ ನಿಲ್ಲಿಸಿ ಬೆರಳು ಮಾಡಿ ತೋರಿಸಿದ.

"ಓ, ಬದಲಾಗಿದೆಯಾ?" ಎಂದ ಮಾಲೀಕ. "ಗೋಂದು ಹಾಕಿ ಅಂಟಿಸಿಬಿಟ್ಟಿದೀನಿ ಸ್ವಾಮಿ, ಕಿತ್ರೆ ಗೋಡೆನೇ ಬರುತ್ತೆ. ಆಮೇಲೆ, ಅವರು ಯಾರೋ ಮಹಾನುಭಾವ್ರು. ಅವರನ್ನ ನೋಡೋಕೇ ಜನ ಬರ್ತಾರೆ. ಪಾಪ, ತೀರಿಕೊಂಡು ನೂರು ವರ್ಷ ಆಗಿರ್ಬೇಕು."

ಏಳರ ಬಸ್ಸು ಕಣ್ಣೆದುರೇ ಹೊರಟುಹೋದಂತೆ ಕಂಡಿತು. ಜೀವಮಾನದಲ್ಲೇ ಮೊದಲ ಸಲ ಗ್ರಂಥಪಾಲಕ ಗಂಟಲು ಬಿರಿಯುವಂತೆ ಕೂಗಿದ.

"ತೀರಿಕೊಂಡಿಲ್ಲ ಕಣ್ರೀ! ಅವರು ನಮ್ಮ ಮಾವ! ಗಟ್ಟಿಯಾಗಿದಾರೆ!"

ಅಂಗಡಿ ಗ್ರಂಥಾಲಯದಷ್ಟು ಮೌನವಾಯಿತು. ಎಲ್ಲರ ಕಣ್ಣು ಅವನತ್ತ ತಿರುಗಿ, ಹಾಗೇ ಅವನ ಬೆನ್ನ ಹಿಂದಿನ ಬಾಗಿಲಿಗೆ ಹೋಯಿತು. ಅಲ್ಲಿ ಸಲಹೆ ಸಾಹೇಬರು ನಿಂತಿದ್ದರು. ಅವರ ಪಕ್ಕದಲ್ಲಿ ಮಾವ.

"ಪಾರ್ಕಲ್ಲಿ ಬಿಸಿಲು ಜಾಸ್ತಿ," ಎಂದರು ಸಲಹೆ ಸಾಹೇಬರು. "ಊರು ಬಿಡೋ ಮುಂಚೆ ಒಂದು ಒಳ್ಳೇ ಕಾಫಿ ಕುಡಿಸೋಣ ಅಂತ ಕರ್ಕೊಂಡು ಬಂದೆ."

ಮಾವ ಗೋಡೆ ನೋಡಿದರು. ಉಗಿಬಂಡಿ, ಅರಮನೆ, ನಡುವೆ ತಾವು. ಕೆಳತುಟಿ ಅದುರಿತು.

"ಇವರೇನಾ ಅವರು?" ಮಾಲೀಕ ಎದ್ದು ಬಂದ. "ಕೂತ್ಕೊಳ್ಳಿ ಸಾರ್, ಕೂತ್ಕೊಳ್ಳಿ! ಆ ಸೈಕಲ್ ಕತೆ ಏನು ಹೇಳಿ ಸಾರ್!"

ಮಾವ ಹೇಳಿದರು. ಜನ ಕುರ್ಚಿ ಎಳೆದುಕೊಂಡು ಕೇಳಿದರು. ತಡವಾಗಿ ಬಂದವರಿಗಾಗಿ ಮೊದಲಿಂದ ಹೇಳಿಸಿದರು. ನೆರೆಯ ನೀರು ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮೂಗಿಗೆ ಏರಿತು. ಗ್ರಂಥಪಾಲಕ ಎರಡು ಸಲ ಕೈಗಡಿಯಾರ ತೋರಿಸಿದ. ಸಲಹೆ ಸಾಹೇಬರು "ಶ್!" ಎಂದರು.

ಕೊನೆಗೆ ಮಾಲೀಕ ಕೈಮುಗಿದು, "ದಿನಾ ಸಂಜೆ ಬನ್ನಿ ಸಾರ್, ಈ ಮೇಜು ನಿಮ್ಮದೇ," ಎಂದ. ಗ್ರಂಥಪಾಲಕನ ಕಡೆ ತಿರುಗಿ, "ಆ ಪೈಲ್ವಾನ್ ನಿಮಗೇ ಇರ್ಲಿ ಬಿಡಿ," ಎಂದೂ ಸೇರಿಸಿದ.

ಮನೆಗೆ ಬಂದ ಮಾವ ಜೇಬಿನಿಂದ ಟಿಕೆಟ್ ತೆಗೆದು ಎರಡು ಚೂರು ಮಾಡಿದರು.

"ಇಷ್ಟು ಜನ ನನಗೋಸ್ಕರ ಕಾಯ್ತಾ ಇರೋವಾಗ ನಾನು ಎಲ್ಲಿಗೆ ಹೋಗ್ಲಿ ಮಗಳೇ? ನಿನ್ನ ಗಂಡ ಇದಾರಲ್ಲ, ತುಂಬಿದ ಅಂಗಡೀಲಿ ನಿಂತು 'ಅವರು ನಮ್ಮ ಮಾವ' ಅಂತ ಕೂಗಿದ್ರು! ಹೆತ್ತ ಮಗನೂ ಹಾಗೆ ಕೂಗಿರ್ಲಿಲ್ಲ."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಪ್ಪನ ಮೇಲೆ ನಿಮಗೆ ಇಷ್ಟು ಪ್ರೀತಿ ಇದೆ ಅಂತ ನನಗೆ ಗೊತ್ತೇ ಇರ್ಲಿಲ್ಲ ರೀ," ಎಂದು ಹೇಳಿ ಸೋಫಾಕ್ಕೆ ಹೊಸ ಹೊದಿಕೆ ತರಲು ಹೋದಳು.

ಗ್ರಂಥಪಾಲಕ ಮೂರನೇ ಮೊಳೆಗೆ ಪೈಲ್ವಾನನನ್ನು ನೇತುಹಾಕಿದ. ಮಾವ ಸೋಫಾದಲ್ಲಿ ಕಾಲು ಚಾಚಿ ಅದನ್ನೇ ಸ್ವಲ್ಪ ಹೊತ್ತು ನೋಡಿದರು.

"ಇರ್ಲಿ, ನನಗೂ ಒಂದು ಜೊತೆಯಾಯ್ತು. ಆದ್ರೂ ಅಳಿಯಂದ್ರೇ, ಕುದುರೆ ಹೊರೋದೇನೂ ದೊಡ್ಡದಲ್ಲ. ನೆರೆ ನೀರಲ್ಲಿ ಸೈಕಲ್ ಹೊತ್ತು ನೋಡ್ಬೇಕು! ಅವತ್ತು ಏನಾಯ್ತು ಅಂದ್ರೆ..."